8 ವಾರ ಕಳೆದರೂ ಕೌನ್ಸಿಲ್ ಸುಮ್ಮನಿದ್ದರೆ ಅನುಮತಿ ಸಿಕ್ಕಂತೆಯೇ?

ಇಂಗ್ಲೆಂಡಿನಲ್ಲಿ ಮನೆ ಕೊಂಡಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವಾಗ ಕೆಳಗಡೆಯೇ ಒಂದು ಕೋಣೆ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಅಡುಗೆಮನೆ ಇಕ್ಕಟ್ಟೆನಿಸುತ್ತದೆ. ಹಿತ್ತಲ ಕಡೆಗೆ ಮನೆಯನ್ನು ಸ್ವಲ್ಪ ಚಾಚೋಣ ಎಂದು ಹೊರಟರೆ, ಅದು ಒಂದು ಗಾತ್ರ ದಾಟಿದ ಕೂಡಲೇ ಸ್ಥಳೀಯ ಕೌನ್ಸಿಲ್‌ನಿಂದ ಪ್ಲಾನಿಂಗ್ ಪರ್ಮಿಷನ್ ಪಡೆಯಬೇಕಾಗುತ್ತದೆ. ಎಷ್ಟು ದಿನ ಹಿಡಿಯುತ್ತದೆ ಎಂದು ಯಾರನ್ನೇ ಕೇಳಿ, ಉತ್ತರ ಒಂದೇ: 8 ವಾರ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. 8 ವಾರದೊಳಗೆ ಅವರು ಏನೂ ಹೇಳದಿದ್ದರೆ ಅನುಮತಿ ಸಿಕ್ಕಿತು ಎಂದೇ ಲೆಕ್ಕ, ಕೆಲಸ ಶುರು ಮಾಡಬಹುದು.

ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ತಪ್ಪು, ಅದನ್ನು ನಂಬಿದವರು ಕಟ್ಟಿದ ಗೋಡೆಯನ್ನು ತಾವೇ ಒಡೆಸಬೇಕಾಗಿ ಬರುವಷ್ಟು ತಪ್ಪು. ಈ ಎರಡೂ ಮಾತುಗಳ ಹಿಂದೆ ಇರುವುದೇನು ಎಂದು ಈ ಲೇಖನದಲ್ಲಿ ನೋಡೋಣ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದು. ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ತಮ್ಮವೇ ಆದ ನಿಯಮಗಳಿವೆ.

ನಿಯಮ ನೋಡುವುದಲ್ಲ, ತೂಗಿ ನೋಡುವುದು

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿಸಿದವರಿಗೆ ನಕ್ಷೆ ಮಂಜೂರಾತಿ ಗೊತ್ತು. ಸೆಟ್‌ಬ್ಯಾಕ್ ಎಷ್ಟು ಅಡಿ, ಎಫ್ಎಆರ್ ಎಷ್ಟು, ಎತ್ತರ ಎಷ್ಟು ಎಂದು ನಿಯಮದಲ್ಲಿ ಬರೆದಿರುತ್ತದೆ. ನಿಮ್ಮ ನಕ್ಷೆ ಅದಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆ. ಕಚೇರಿಯಲ್ಲಿ ಏನೇ ನಡೆಯಲಿ, ಕಾಗದದ ಮೇಲಂತೂ ಅದು ಹೊಂದಿಸಿ ನೋಡುವ ಕೆಲಸ.

ಇಂಗ್ಲೆಂಡಿನ ವ್ಯವಸ್ಥೆಯ ಬುನಾದಿ ಬೇರೆ. 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ 1948ರ ಜುಲೈ 1ರಿಂದ ಜಾರಿಗೆ ಬಂದಾಗ, ಜಮೀನಿನ ಮೇಲೆ ಕಟ್ಟುವ ಹಕ್ಕನ್ನು ಮಾಲೀಕನ ಕೈಯಿಂದ ತೆಗೆದು, ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ವಹಿಸಿತು. ಇವತ್ತಿಗೂ ಚೌಕಟ್ಟು ಅದೇ. ಪ್ರತಿ ಕೌನ್ಸಿಲ್ ತನ್ನದೊಂದು ಸ್ಥಳೀಯ ಯೋಜನೆ ಮಾಡಿಕೊಂಡಿರುತ್ತದೆ. ಅರ್ಜಿಯನ್ನು ಮೊದಲು ಅದರ ಎದುರು ಇಟ್ಟು ನೋಡಬೇಕು, ಆಮೇಲೆ ಇತರ ಸಂಗತಿಗಳನ್ನೂ ತೂಗಬೇಕು. ನಿಮ್ಮ ಹೊಸ ಗೋಡೆ ಪಕ್ಕದ ಮನೆಯ ಕಿಟಕಿಯ ಬೆಳಕು ಕಸಿಯುತ್ತದೆಯೇ, ಮೇಲಿನ ಕಿಟಕಿಯಿಂದ ಅವರ ಹಿತ್ತಲು ಪೂರ್ತಿ ಕಾಣುತ್ತದೆಯೇ, ಬೀದಿಯ ಚೆಲುವು ಕೆಡುತ್ತದೆಯೇ. ಬೆಳಕಿನ ವಿಷಯಕ್ಕೆ ಅನೇಕ ಕೌನ್ಸಿಲ್‌ಗಳು ನೆರೆಮನೆಯ ಕಿಟಕಿಯ ನಡುವಿನಿಂದ 45 ಡಿಗ್ರಿಯ ಗೆರೆ ಎಳೆದು ನೋಡುತ್ತವೆ, ಆದರೆ ಆ ಗೆರೆಯೂ ಸಹಾಯಕ್ಕೆ ಇರುವಂಥದ್ದೇ ಹೊರತು ಕೊನೆಯ ಮಾತಲ್ಲ. ಒಬ್ಬ ಅಧಿಕಾರಿ ಎಲ್ಲವನ್ನೂ ನೋಡಿ ತೀರ್ಮಾನ ಬರೆಯಬೇಕು, ಅದಕ್ಕೆ ಕಾರಣ ಕೊಡಬೇಕು.

ಹೀಗೆ ತೂಗಿ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಬರುವುದಿಲ್ಲ. ಸಮಯ ಹಿಡಿಯುವುದಕ್ಕೂ, ಒಂದೇ ಬೀದಿಯ ಎರಡು ಅರ್ಜಿಗಳಿಗೆ ಬೇರೆ ಬೇರೆ ಸಮಯ ಹಿಡಿಯುವುದಕ್ಕೂ ಮೂಲ ಕಾರಣ ಇದೇ.

ಗಡಿಯಾರ ಯಾವಾಗ ಶುರುವಾಗುತ್ತದೆ?

ಕಾನೂನು ಹೇಳುವ ಅವಧಿ ಒಂದಲ್ಲ, ಮುಖ್ಯವಾಗಿ ಮೂರು. ಮನೆ ವಿಸ್ತರಣೆಯಂಥ ಸಣ್ಣ ಅರ್ಜಿಗಳಿಗೆ 8 ವಾರ. 10 ಅಥವಾ ಅದಕ್ಕಿಂತ ಹೆಚ್ಚು ಮನೆಗಳು, ಇಲ್ಲವೇ 1,000 ಚದರ ಮೀಟರ್‌ ಅಥವಾ ಅದಕ್ಕೂ ದೊಡ್ಡ ಕಟ್ಟಡ ಇರುವ ದೊಡ್ಡ ಯೋಜನೆಗಳಿಗೆ 13 ವಾರ. ಪರಿಸರ ಪರಿಣಾಮ ವರದಿ ಬೇಕಾಗುವ ಯೋಜನೆಗಳಿಗೆ 16 ವಾರ.

ಎಣಿಕೆ ಎಲ್ಲಿಂದ ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ನೀವು ಆನ್‌ಲೈನ್‌ನಲ್ಲಿ ಅರ್ಜಿ ಕಳಿಸಿದ ದಿನವೇ ಗಡಿಯಾರ ಓಡತೊಡಗುತ್ತದೆ ಎಂದೇನಿಲ್ಲ. ಅರ್ಜಿ ಕ್ರಮಬದ್ಧವಾಗಿರಬೇಕು: ಭರ್ತಿ ಮಾಡಿದ ನಮೂನೆ, ಮಾಲೀಕತ್ವದ ಪ್ರಮಾಣಪತ್ರ, ಶುಲ್ಕ, ಅಳತೆಗೆ ಬರೆದ ನಕ್ಷೆಗಳು, 1:1250 ಅಥವಾ 1:2500 ಪ್ರಮಾಣದಲ್ಲಿ ನಿವೇಶನದ ಸುತ್ತ ಕೆಂಪು ಗೆರೆ ಎಳೆದ ಸ್ಥಳ ನಕಾಶೆ. ನಕಾಶೆಯಲ್ಲಿ ಉತ್ತರ ದಿಕ್ಕಿನ ಬಾಣ ಮರೆತರೂ ಅರ್ಜಿ ಹಿಂದಕ್ಕೆ ಬರಬಹುದು. ಆಗ ಕೊನೆಯ ಕಾಗದ ತಲುಪಿದ ದಿನ ಹಿಡಿದು ಮಾರನೆಯ ದಿನದಿಂದ ಎಣಿಕೆ. ಅರ್ಜಿ ಮೊದಲಿಗೇ ಪೂರ್ಣವಾಗಿದ್ದರೆ ಸಂಗತಿ ಬೇರೆ. ಅದನ್ನು ಬಿಚ್ಚಿ ನೋಡಲು ಕೌನ್ಸಿಲ್ ಎರಡು ವಾರ ತೆಗೆದುಕೊಂಡರೂ ಎಣಿಕೆ ಅದು ಅವರ ಕೈ ಸೇರಿದ ದಿನದ ಲೆಕ್ಕಕ್ಕೇ ಹೋಗುತ್ತದೆ. ಅಂದರೆ, ಸರಿಯಾಗಿ ಕಳಿಸಿದವರಿಗೆ ಕೌನ್ಸಿಲ್‌ನ ನಿಧಾನ ಕೌನ್ಸಿಲ್‌ನ ಖಾತೆಗೇ, ತಪ್ಪು ಕಳಿಸಿದವರಿಗೆ ಅದು ಅವರ ಖಾತೆಗೆ.

ಗಡಿಯಾರ ನಿಲ್ಲುವುದು ತೀರ್ಮಾನದ ಪತ್ರಕ್ಕೆ ಸಹಿಯಾಗಿ ಹೊರಬಿದ್ದ ದಿನ. ಅಧಿಕಾರಿ ಫೋನಿನಲ್ಲಿ "ತೊಂದರೆಯೇನೂ ಕಾಣುತ್ತಿಲ್ಲ" ಎಂದ ದಿನವಲ್ಲ, ಸಮಿತಿ ಕೈ ಎತ್ತಿ ಒಪ್ಪಿದ ದಿನವೂ ಅಲ್ಲ.

ನಡುವಿನ 8 ವಾರದಲ್ಲಿ 21 ದಿನಗಳನ್ನು ಕಾನೂನೇ ತೆಗೆದಿಟ್ಟಿದೆ. ನೆರೆಹೊರೆಯವರಿಗೆ ಪತ್ರ ಹೋಗಬೇಕು, ಇಲ್ಲವೇ ಬೀದಿಯಲ್ಲಿ ನೋಟಿಸ್ ಅಂಟಿಸಬೇಕು, ಜನ ಹೇಳುವುದಕ್ಕೆ 21 ದಿನ ಬಿಡಬೇಕು. ಹೆದ್ದಾರಿ, ಪರಿಸರ, ಪಾರಂಪರಿಕ ಕಟ್ಟಡಗಳ ಸಂಸ್ಥೆಗಳ ಅಭಿಪ್ರಾಯ ಬೇಕಿದ್ದರೆ ಅವಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ. ಇಲ್ಲೊಂದು ಪಕ್ಕದ ಮಾತು ಹೇಳಬೇಕು: ಎಷ್ಟು ಜನ ಆಕ್ಷೇಪಿಸಿದರು ಎಂಬುದು ಮತ ಎಣಿಕೆಯಲ್ಲ. ನಲವತ್ತು ಜನ "ನಮ್ಮ ಮನೆಯ ಬೆಲೆ ಬೀಳುತ್ತದೆ" ಎಂದು ಬರೆದರೂ ಅದು ಲೆಕ್ಕಕ್ಕೆ ಬಾರದು, ಒಬ್ಬರು "ನಮ್ಮ ಒಂದೇ ಕಿಟಕಿಗೆ ಬಿಸಿಲು ಬರುವುದು ನಿಲ್ಲುತ್ತದೆ" ಎಂದು ಬರೆದರೆ ಬರುತ್ತದೆ.

ಆಮೇಲೆ ಸ್ಥಳ ಪರಿಶೀಲನೆ, ವರದಿ, ಹಿರಿಯ ಅಧಿಕಾರಿಯ ಸಹಿ. ನೂರಕ್ಕೆ 90ಕ್ಕಿಂತ ಹೆಚ್ಚು ಅರ್ಜಿಗಳನ್ನು ಅಧಿಕಾರಿಗಳೇ ತೀರ್ಮಾನಿಸುತ್ತಾರೆ. ಚುನಾಯಿತ ಕೌನ್ಸಿಲರ್‌ಗಳ ಸಮಿತಿಗೆ ಹೋಗುವುದು ಉಳಿದ ಕೆಲವೇ ಅರ್ಜಿಗಳು. ಆದರೆ ನಿಮ್ಮದು ಆ ಕೆಲವುಗಳಲ್ಲಿ ಒಂದಾದರೆ, ಸಮಿತಿ ಸೇರುವ ದಿನಕ್ಕಾಗಿ ಕಾಯಬೇಕು.

ಒಬ್ಬರು ಕೆಲಸ ಬಿಟ್ಟರೆ ಸಾಲು ಯಾಕೆ ಅಷ್ಟು ಬೆಳೆಯುತ್ತದೆ?

ಒಂದು ಮನೆ ವಿಸ್ತರಣೆಯ ಅರ್ಜಿಯನ್ನು ಓದಿ, ಸ್ಥಳ ನೋಡಿ, ವರದಿ ಬರೆಯುವುದಕ್ಕೆ 8 ವಾರ ಬೇಕಿಲ್ಲ. ಕಡತ ಹೆಚ್ಚಿನ ದಿನ ಸುಮ್ಮನೆ ಸರತಿಯಲ್ಲಿ ಬಿದ್ದಿರುತ್ತದೆ. ಹಾಗಾದರೆ ಸಿಬ್ಬಂದಿ ನೂರಕ್ಕೆ ಹತ್ತು ಕಡಿಮೆಯಾದರೆ ಕಾಯುವ ಸಮಯ ನೂರಕ್ಕೆ ಹತ್ತು ಹೆಚ್ಚಾಗಬೇಕಲ್ಲವೇ? ಹಾಗಾಗುವುದಿಲ್ಲ. ಸರತಿ ಸಾಲಿನ ಗಣಿತ ಬೇರೆ ಲೆಕ್ಕ ಹೇಳುತ್ತದೆ.

ಈ ಗಣಿತ ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1909ರಲ್ಲಿ ಕೋಪನ್‌ಹೇಗನ್ನಿನ ಫೋನ್ ಕರೆಗಳ ಬಗ್ಗೆ ಬರೆದ ಪ್ರಬಂಧ ಅದರ ಮೊದಲ ಹೆಜ್ಜೆ. ಬ್ಯಾಂಕಿನಲ್ಲಿ ಒಂದೇ ಕೌಂಟರ್ ಇದೆ ಎಂದುಕೊಳ್ಳಿ. ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಒಬ್ಬರ ಕೆಲಸ ಎರಡು ನಿಮಿಷದ್ದು, ಇನ್ನೊಬ್ಬರದು ಇಪ್ಪತ್ತು ನಿಮಿಷದ್ದು. ಗುಮಾಸ್ತ ತನ್ನ ಸಮಯದ ಅರ್ಧ ಭಾಗ ಮಾತ್ರ ಕೆಲಸದಲ್ಲಿದ್ದರೆ, ಅತಿ ಸರಳ ಮಾದರಿಯ ಪ್ರಕಾರ ಸಾಲಿನಲ್ಲಿ ಸರಾಸರಿ ಕಾಯಬೇಕಾದದ್ದು ಒಬ್ಬರ ಕೆಲಸಕ್ಕೆ ಹಿಡಿಯುವಷ್ಟು ಸಮಯ. ಅವನು ನೂರಕ್ಕೆ 80 ಭಾಗ ಕೆಲಸದಲ್ಲಿದ್ದರೆ ಅದರ 4 ಪಟ್ಟು. ನೂರಕ್ಕೆ 90 ಆದರೆ 9 ಪಟ್ಟು. ನೂರಕ್ಕೆ 95 ಆದರೆ 19 ಪಟ್ಟು. ಕೆಲಸದ ಹೊರೆ 90ರಿಂದ 95ಕ್ಕೆ ಏರಿದ್ದು ಸ್ವಲ್ಪವೇ, ಕಾಯುವಿಕೆ ಎರಡರಷ್ಟಾಯಿತು. ಬಿಡುವೇ ಇಲ್ಲದ ಕಚೇರಿಯಲ್ಲಿ ಒಂದು ಅಡ್ಡಿ ಬಂದರೂ, ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳಲು ಖಾಲಿ ಗಳಿಗೆ ಎಂಬುದೇ ಇರುವುದಿಲ್ಲ.

ಕೌನ್ಸಿಲ್‌ನ ಪ್ಲಾನಿಂಗ್ ವಿಭಾಗ ಒಂದೇ ಕೌಂಟರಿನಷ್ಟು ಸರಳವಲ್ಲ, ನಿಜ. ಆದರೂ ಲೆಕ್ಕದ ಸ್ವಭಾವ ಅದೇ. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಅರ್ಜಿಗಳು ತೀರ್ಮಾನವಾಗುತ್ತವೆ, ಅವುಗಳಲ್ಲಿ ಸುಮಾರು ಅರ್ಧ ಮನೆ ಮಾಲೀಕರ ಸಣ್ಣ ಅರ್ಜಿಗಳು. ಪ್ಲಾನರ್‌ಗಳ ವೃತ್ತಿಸಂಸ್ಥೆಯಾದ ರಾಯಲ್ ಟೌನ್ ಪ್ಲಾನಿಂಗ್ ಇನ್‌ಸ್ಟಿಟ್ಯೂಟ್ ಹೇಳುವಂತೆ, 2013 ಮತ್ತು 2020ರ ನಡುವೆ ಸರ್ಕಾರಿ ವಲಯದ ಪ್ಲಾನರ್‌ಗಳಲ್ಲಿ ಕಾಲುಭಾಗದಷ್ಟು ಮಂದಿ ಕೆಲಸ ಬಿಟ್ಟರು. ಕೌನ್ಸಿಲ್‌ನ ಅಧಿಕಾರಿಗಳನ್ನು ಸೋಮಾರಿಗಳು ಎಂದು ಬೈಯುವವರು ಈ ಎರಡು ಸಂಗತಿಗಳನ್ನು, ಮೇಲಿನ ಗಣಿತವನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು.

"ಸಕಾಲಕ್ಕೆ" ಎಂಬ ಅಂಕಿ

ಈಗ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಗೆ ಬರೋಣ. ಕೌನ್ಸಿಲ್‌ಗಳು ತಮ್ಮ ಅಂಕಿಅಂಶಗಳನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕಳಿಸುತ್ತವೆ. ಆ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ: ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಅರ್ಜಿಗಳು ಸಕಾಲಕ್ಕೆ ತೀರ್ಮಾನವಾಗಿವೆ! ಇಷ್ಟು ಚೆನ್ನಾಗಿದ್ದರೆ ಜನ ಗೊಣಗುವುದೇಕೆ?

ಗುಟ್ಟು ಇರುವುದು "ಸಕಾಲ" ಎಂಬುದರ ವ್ಯಾಖ್ಯೆಯಲ್ಲಿ. ಗಡುವು ಹತ್ತಿರ ಬಂದಾಗ ಅಧಿಕಾರಿ ಅರ್ಜಿದಾರರಿಗೆ ಒಂದು ಇಮೇಲ್ ಕಳಿಸುತ್ತಾರೆ: ಇನ್ನು ಇಂತಿಷ್ಟು ವಾರ ಕೊಡಲು ಒಪ್ಪುತ್ತೀರಾ? ನೀವು ಒಪ್ಪಿದರೆ ಹೊಸ ದಿನಾಂಕವೇ ಗಡುವಾಗುತ್ತದೆ. ಆ ದಿನದೊಳಗೆ ತೀರ್ಮಾನವಾದರೆ, 8 ವಾರದ ಕೆಲಸಕ್ಕೆ 20 ವಾರ ಹಿಡಿದಿದ್ದರೂ, ಅದು ಸಕಾಲಕ್ಕೆ ಆದ ಅರ್ಜಿಗಳ ಪಟ್ಟಿಗೆ ಸೇರುತ್ತದೆ. ಇದಕ್ಕೆ ಎಕ್ಸ್‌ಟೆನ್ಷನ್ ಆಫ್ ಟೈಮ್ ಎಂದು ಹೆಸರು. ಈ ಒಪ್ಪಂದಗಳನ್ನು ತೆಗೆದಿಟ್ಟು ಎಣಿಸಿದರೆ ಚಿತ್ರ ಬದಲಾಗುತ್ತದೆ. 2024ರ ಮಾರ್ಚ್‌ನಲ್ಲಿ ಸರ್ಕಾರವೇ ಹೊರಡಿಸಿದ ಸಮಾಲೋಚನಾ ಪತ್ರದ ಪ್ರಕಾರ, ಸಣ್ಣ ಅರ್ಜಿಗಳಲ್ಲಿ ನಿಜವಾಗಿ 8 ವಾರದೊಳಗೆ ಮುಗಿಯುತ್ತಿದ್ದದ್ದು ಸುಮಾರು ಅರ್ಧ. ದೊಡ್ಡ ಯೋಜನೆಗಳಲ್ಲಿ 13 ವಾರದೊಳಗೆ ಮುಗಿಯುತ್ತಿದ್ದದ್ದು ಐದರಲ್ಲಿ ಒಂದರಷ್ಟು.

ಇದನ್ನು ಮೋಸ ಎನ್ನಲಾಗದು, ಎಲ್ಲವೂ ನಿಯಮದ ಒಳಗೇ ಇದೆ. ಆದರೆ ಈ ಸ್ಥಿತಿ ಬಂದದ್ದು ಹೇಗೆಂದು ನೋಡಿದರೆ, ಅಳತೆಗೋಲನ್ನು ಗುರಿಯಾಗಿ ಮಾಡಿದಾಗ ಏನಾಗುತ್ತದೆ ಎಂಬ ಹಳೆಯ ಕಥೆ ಮತ್ತೆ ಕಾಣುತ್ತದೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ: ಒಂದು ಅಂಕಿಯನ್ನು ಹಿಡಿದು ನಿಯಂತ್ರಣ ಮಾಡಲು ಹೊರಟ ಕೂಡಲೇ, ಆ ಅಂಕಿ ಮೊದಲು ಸೂಚಿಸುತ್ತಿದ್ದ ಸಂಗತಿಯನ್ನು ಸೂಚಿಸುವುದು ಬಿಡುತ್ತದೆ.

ತಡವಾಗುತ್ತಿದೆ ಎಂಬ ದೂರು ಹೊಸದಲ್ಲ. ಅದನ್ನು ಪರಿಶೀಲಿಸಿ ಎಂದು ಸರ್ಕಾರ 1973ರಲ್ಲೇ ಜಾರ್ಜ್ ಡೋಬ್ರಿ ಎಂಬ ವಕೀಲರಿಗೆ ಹೇಳಿತ್ತು. ಸಣ್ಣ ಅರ್ಜಿಗಳನ್ನು ಒಂದು ಸಾಲಿನಲ್ಲಿ, ದೊಡ್ಡವನ್ನು ಇನ್ನೊಂದು ಸಾಲಿನಲ್ಲಿ ಬಿಡಿ ಎಂಬುದು ಅವರ ಸಲಹೆಯ ತಿರುಳಾಗಿತ್ತು. 2003ರ ಹೊತ್ತಿಗೆ ಸರ್ಕಾರ ಬೇರೆ ದಾರಿ ಹಿಡಿಯಿತು. ಬೇಗ ಮುಗಿಸಿದ ಕೌನ್ಸಿಲ್‌ಗಳಿಗೆ ಹೆಚ್ಚು ಅನುದಾನ ಕೊಡತೊಡಗಿತು. ಪರಿಣಾಮ ಏನಾಯಿತು? ಸ್ವಲ್ಪ ತಿದ್ದಿದರೆ ಒಪ್ಪಬಹುದಾಗಿದ್ದ ಅರ್ಜಿಯನ್ನೂ ಗಡುವಿಗೆ ಮುಂಚೆ ತಿರಸ್ಕರಿಸುವುದು, ವಾಪಸ್ ತೆಗೆದುಕೊಂಡು ಮತ್ತೆ ಹಾಕಿ ಎನ್ನುವುದು ಕೌನ್ಸಿಲ್‌ಗೆ ಲಾಭವಾಯಿತು. ಯಾಕೆಂದರೆ ತಿರಸ್ಕಾರವೂ ತೀರ್ಮಾನವೇ. ಗುರಿಗಳು ಇಂಥ ವಿಪರೀತ ಫಲ ಕೊಡುತ್ತಿವೆ ಎಂದು 2008ರಲ್ಲಿ ಸರ್ಕಾರವೇ ನೇಮಿಸಿದ ಕಿಲಿಯನ್ ಪ್ರೆಟಿ ಪರಿಶೀಲನೆ ಎಚ್ಚರಿಸಿತು. 2013ರಲ್ಲಿ ಬೆತ್ತ ಬಂತು. ನಿಗದಿತ ಪ್ರಮಾಣದ ಅರ್ಜಿಗಳನ್ನು ಸಕಾಲಕ್ಕೆ ಮುಗಿಸದ ಕೌನ್ಸಿಲ್ ಮೇಲೆ ಸರ್ಕಾರ ಗುರುತು ಹಾಕಬಹುದು, ಆಮೇಲೆ ಅರ್ಜಿದಾರರು ಕೌನ್ಸಿಲನ್ನು ಬಿಟ್ಟು ನೇರವಾಗಿ ಕೇಂದ್ರದ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಹೋಗಬಹುದು. ಈಗ ಆ ಪ್ರಮಾಣ ದೊಡ್ಡ ಯೋಜನೆಗಳಿಗೆ ನೂರಕ್ಕೆ 60, ಸಣ್ಣವಕ್ಕೆ ನೂರಕ್ಕೆ 70. ಆದರೆ ಪರಸ್ಪರ ಒಪ್ಪಿದ ಹೊಸ ದಿನಾಂಕವೂ ಸಕಾಲವೇ ಎಂದು ಅದೇ ಲೆಕ್ಕದಲ್ಲಿ ಬಿಟ್ಟುಕೊಟ್ಟರು. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಹೊಸ ದಿನಾಂಕಕ್ಕೆ ಒಪ್ಪುವುದು ಅರ್ಜಿದಾರರಿಗೆ ಯಾವಾಗಲೂ ನಷ್ಟ ಎಂದು ನಾವು ಹೇಳುತ್ತಿಲ್ಲ. ಅಧಿಕಾರಿ "ಕಿಟಕಿಯನ್ನು ಈ ಕಡೆಗೆ ಸರಿಸಿದರೆ ಒಪ್ಪಬಹುದು" ಎಂದರೆ, ನಕ್ಷೆ ತಿದ್ದಲು ಎರಡು ವಾರ ಕೊಡುವುದು ತಿರಸ್ಕಾರಕ್ಕಿಂತ ಎಷ್ಟೋ ಮೇಲು. ತೊಂದರೆ ಇರುವುದು ಅಂಕಿಯಲ್ಲಿ. ನಕ್ಷೆ ತಿದ್ದಿದ್ದಕ್ಕೆ ಆದ ತಡವೂ, ಕಡತ ಮೂಲೆಯಲ್ಲಿ ಬಿದ್ದಿದ್ದಕ್ಕೆ ಆದ ತಡವೂ ಅದರಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವೆ.

ಮೌನ ಸಮ್ಮತಿಯೇ?

ಕೆಲವು ದೇಶಗಳಲ್ಲಿ ಹೌದು. ಫ್ರಾನ್ಸಿನಲ್ಲಿ ಒಂದು ಮನೆ ಕಟ್ಟುವ ಅರ್ಜಿಗೆ ಸಾಮಾನ್ಯವಾಗಿ 2 ತಿಂಗಳ ಅವಧಿ, ಅಷ್ಟರಲ್ಲಿ ಪುರಸಭೆ ಉತ್ತರಿಸದಿದ್ದರೆ ಸಾಮಾನ್ಯವಾಗಿ ಅನುಮತಿ ಸಿಕ್ಕಂತೆಯೇ. ಇಂಗ್ಲೆಂಡಿನ ಕಾನೂನು ಹಾಗಿಲ್ಲ. 8 ವಾರ ಮುಗಿದ ಮಾರನೆಯ ದಿನ ನಿಮಗೆ ಸಿಗುವುದು ಅನುಮತಿಯಲ್ಲ, ಮೇಲ್ಮನವಿ ಹಾಕುವ ಹಕ್ಕು ಮಾತ್ರ. ಆ ಮೇಲ್ಮನವಿಯನ್ನೂ ಕೌನ್ಸಿಲ್ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆ ಎಂಬ ಭಾವನೆಯ ಮೇಲೆಯೇ ನಡೆಸುತ್ತಾರೆ. ಮೌನವನ್ನು ಏನಾದರೂ ಎಂದು ಓದಬೇಕಿದ್ದರೆ ಅದು "ಇಲ್ಲ" ಎಂದೇ.

ಹಾಗಿದ್ದೂ ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪೂರ್ಣ ಪ್ಲಾನಿಂಗ್ ಪರ್ಮಿಷನ್ ಬೇಡದ, ಮುಂಚಿತವಾಗಿ ತಿಳಿಸಿದರೆ ಸಾಕಾಗುವ ಕೆಲವು ಕೆಲಸಗಳಿವೆ. ಉದಾಹರಣೆಗೆ, ಒಂದೇ ಅಂತಸ್ತಿನ ಹಿಂಬದಿ ವಿಸ್ತರಣೆ. ಜೋಡಿ ಮನೆ ಅಥವಾ ಸಾಲು ಮನೆಗಳಲ್ಲಿ 3 ಮೀಟರ್ ದಾಟಿ 6 ಮೀಟರ್‌ವರೆಗೆ, ಬಿಡಿ ಮನೆಗಳಲ್ಲಿ 4 ಮೀಟರ್ ದಾಟಿ 8 ಮೀಟರ್‌ವರೆಗೆ ಹೋಗುವುದಿದ್ದರೆ ಕೌನ್ಸಿಲ್‌ಗೆ ತಿಳಿಸಬೇಕು, ಅದು ನೆರೆಯವರನ್ನು ಕೇಳುತ್ತದೆ. 42 ದಿನದೊಳಗೆ ಕೌನ್ಸಿಲ್ ತೀರ್ಮಾನ ತಿಳಿಸದಿದ್ದರೆ ಕೆಲಸ ಶುರು ಮಾಡಬಹುದು. ಅಂದರೆ ಈ ಮಾರ್ಗದಲ್ಲಿ ಮೌನ ನಿಜವಾಗಿಯೂ ಸಮ್ಮತಿ, ನಿಮ್ಮ ಕೆಲಸ ಆ ನಿಯಮದ ಎತ್ತರ, ಅಗಲಗಳ ಉಳಿದ ಮಿತಿಗಳಿಗೆಲ್ಲ ಒಳಪಟ್ಟಿದ್ದರೆ. ಪಕ್ಕದ ಮನೆಯವರು ಈ ದಾರಿಯಲ್ಲಿ ಹೋಗಿ 43ನೆಯ ದಿನ ಅಗೆತ ಶುರು ಮಾಡಿದ್ದನ್ನು ನೋಡಿದವರು, ಎರಡು ಅಂತಸ್ತಿಗೆ ಹಾಕಿದ ತಮ್ಮ ಪೂರ್ಣ ಅರ್ಜಿಗೂ ಅದೇ ಸಲ್ಲುತ್ತದೆ ಎಂದುಕೊಳ್ಳುತ್ತಾರೆ. ಎರಡಕ್ಕೂ ಕಾಗದ ಒಂದೇ ಕಚೇರಿಯಿಂದ ಬರುತ್ತದೆ, ಎರಡಕ್ಕೂ ನೆರೆಯವರಿಗೆ ಪತ್ರ ಹೋಗುತ್ತದೆ, ಗೊಂದಲ ಆಗುವುದು ಸಹಜ.

ಗೊಂದಲದ ಬೆಲೆ ಮಾತ್ರ ಸಣ್ಣದಲ್ಲ. ಅನುಮತಿಯಿಲ್ಲದೆ ಕಟ್ಟಿದ್ದನ್ನು ತೆಗೆಸುವಂತೆ ಕೌನ್ಸಿಲ್ ನೋಟಿಸ್ ಕೊಡಬಹುದು. 2024ರ ಏಪ್ರಿಲ್ 25ರ ಮೊದಲು ಕಟ್ಟಡದ ವಿಷಯದಲ್ಲಿ ಕ್ರಮಕ್ಕೆ 4 ವರ್ಷದ ಮಿತಿ ಇತ್ತು, ಅಂದಿನಿಂದ ಅದು 10 ವರ್ಷ. ನೋಟಿಸ್ ಪಾಲಿಸದಿದ್ದರೆ ಅದು ಅಪರಾಧ, ದಂಡಕ್ಕೆ ಮೇಲ್ಮಿತಿಯಿಲ್ಲ. ಕಟ್ಟಿದ ಮೇಲೆ ಅರ್ಜಿ ಹಾಕಿ ಸಕ್ರಮ ಮಾಡಿಸಿಕೊಳ್ಳಲು ದಾರಿಯಿದೆ, ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ. ಮನೆ ಮಾರುವ ದಿನ ಕೊಳ್ಳುವವರ ಸಾಲಿಸಿಟರ್ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು.

ಬಾವಲಿಯ ಕ್ಯಾಲೆಂಡರ್

ಎಲ್ಲ ತಡವೂ ಕಚೇರಿಯೊಳಗೆ ಹುಟ್ಟುವುದಿಲ್ಲ. ಬ್ರಿಟನ್ನಿನಲ್ಲಿ 18 ಜಾತಿಯ ಬಾವಲಿಗಳಿವೆ, ಎಲ್ಲಕ್ಕೂ ಕಾನೂನಿನ ರಕ್ಷಣೆ ಇದೆ. ಅವುಗಳಲ್ಲಿ ಸಾಮಾನ್ಯವಾದ ಪಿಪಿಸ್ಟ್ರೆಲ್ ನಮ್ಮೂರ ತೋಟಗಳ ದೊಡ್ಡ ತೊಗಲು ಬಾವಲಿಯಂಥದ್ದಲ್ಲ. ಐದು ಗ್ರಾಂ ಆಸುಪಾಸು ತೂಗುವ ಅದು ಹೆಂಚಿನ ಸಂದಿಯಲ್ಲಿ ಹೊಕ್ಕು ಕೂತರೆ ಹೊರಗಿನವರಿಗೆ ಕಾಣುವುದೇ ಇಲ್ಲ. ನೀವು ಛಾವಣಿ ಬಿಚ್ಚಿ ಅಟ್ಟದಲ್ಲಿ ಕೋಣೆ ಮಾಡಲು ಹೊರಟಾಗ, ಅಲ್ಲಿ ಬಾವಲಿ ಇರುವ ಸಾಧ್ಯತೆ ಇದೆ ಎನಿಸಿದರೆ ಅನುಮತಿ ಕೊಡುವ ಮೊದಲೇ ಕೌನ್ಸಿಲ್ ಸಮೀಕ್ಷೆ ಕೇಳಬೇಕು. ಛಾವಣಿಯನ್ನು ಹಗಲಲ್ಲಿ ಪರೀಕ್ಷಿಸಿ ನೋಡುವ ಮೊದಲ ಹಂತವನ್ನು ಯಾವ ತಿಂಗಳಲ್ಲಾದರೂ ಮಾಡಬಹುದು. ಮುಸ್ಸಂಜೆಯಲ್ಲಿ ಅವು ಹೊರಬರುವುದನ್ನು ಎಣಿಸುವ ಎರಡನೆಯ ಹಂತ ಮೇನಿಂದ ಸೆಪ್ಟೆಂಬರ್ ನಡುವೆ ಮಾತ್ರ, ಚಳಿಗಾಲದಲ್ಲಿ ಅವು ಜಡನಿದ್ರೆಯಲ್ಲಿರುತ್ತವೆ. ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿ ನವೆಂಬರ್‌ನಲ್ಲಿ ಈ ಪ್ರಶ್ನೆ ಎದುರಾದವರು ಮುಂದಿನ ಮೇವರೆಗೆ ಕಾಯಬೇಕಾದೀತು. ಇಂಥ ಅರ್ಜಿಯ ವಿಷಯದಲ್ಲಿ 8 ವಾರ ಎಂಬ ಮಾತಿಗೆ ಅರ್ಥವೇ ಇಲ್ಲ.

ಹೊಸ ಮನೆಗಳನ್ನು ಕಟ್ಟುವವರಿಗೆ ಇನ್ನೂ ದೊಡ್ಡ ತಡೆ ಎದುರಾದದ್ದು ನದಿಗಳಿಂದ. ಚರಂಡಿ ನೀರಿನ, ಹೊಲದ ಗೊಬ್ಬರದ ರಂಜಕ ಮತ್ತು ಸಾರಜನಕ ನದಿ ಸೇರಿದರೆ ಪಾಚಿ ಉಕ್ಕಿ ಬೆಳೆದು, ಕೊಳೆತು, ನೀರಿನ ಆಮ್ಲಜನಕ ಹೀರುತ್ತದೆ. ಈಗಾಗಲೇ ಕೆಟ್ಟಿರುವ ಸಂರಕ್ಷಿತ ನೀರಿಗೆ ಹೊಸ ಹೊರೆ ಸೇರಿಸಬಾರದು ಎಂಬ ತರ್ಕ 2018ರಲ್ಲಿ ಯುರೋಪಿನ ನ್ಯಾಯಾಲಯ ನೆದರ್ಲೆಂಡ್ಸ್‌ನ ಸಾರಜನಕ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಗಟ್ಟಿಯಾಯಿತು. ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಯ ಸಲಹೆ 2022ರ ಮಾರ್ಚ್ ಹೊತ್ತಿಗೆ 74 ಸ್ಥಳೀಯ ಆಡಳಿತಗಳನ್ನು ಮುಟ್ಟಿತು. ಹೆರೆಫರ್ಡ್‌ಶೈರ್‌ನ ಲಗ್ ನದಿಯ ಸುತ್ತ, ಸಾಮರ್ಸೆಟ್ ಲೆವೆಲ್ಸ್‌ನ ಸುತ್ತ ಮನೆಗಳ ಅರ್ಜಿಗಳು ವರ್ಷಗಟ್ಟಲೆ ನಿಂತವು. ಇರುವ ಮನೆಯ ವಿಸ್ತರಣೆಗೆ ಈ ತಡೆ ಸಾಮಾನ್ಯವಾಗಿ ತಟ್ಟುವುದಿಲ್ಲ.

ದೊಡ್ಡ ಯೋಜನೆಗಳಿಗೆ ಮತ್ತೊಂದು ಹಂತವಿದೆ. ಶಾಲೆ, ರಸ್ತೆ, ಕೈಗೆಟಕುವ ಬೆಲೆಯ ಮನೆಗಳಿಗೆ ಬಿಲ್ಡರ್ ಏನು ಕೊಡಬೇಕು ಎಂಬ ಒಪ್ಪಂದ. ಸಮಿತಿ ಒಪ್ಪಿದ ಮೇಲೂ ಎರಡೂ ಕಡೆಯ ವಕೀಲರು ಅದರ ಮೇಲೆ ತಿಂಗಳುಗಟ್ಟಲೆ ಕೂರುತ್ತಾರೆ, ಅದಕ್ಕೆ ಸಹಿ ಬೀಳುವವರೆಗೆ ಅನುಮತಿ ಪತ್ರ ಹೊರಡುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಅರ್ಜಿ ಸ್ವೀಕಾರವಾದ ಪತ್ರ ಬಂದಾಗ ಅದರಲ್ಲಿ ಎರಡು ದಿನಾಂಕ ನೋಡಿಕೊಳ್ಳಿ: ಕ್ರಮಬದ್ಧವೆಂದು ಎಣಿಸಿದ ದಿನ, ತೀರ್ಮಾನದ ಗಡುವು. ಆರನೆಯ ವಾರದಲ್ಲಿ ಅಧಿಕಾರಿಗೆ ಒಂದು ಸಭ್ಯ ಇಮೇಲ್ ಬರೆದು, ಆಕ್ಷೇಪಗಳೇನಾದರೂ ಇವೆಯೇ, ನಕ್ಷೆ ತಿದ್ದಬೇಕೇ ಎಂದು ಕೇಳುವುದು ಒಳ್ಳೆಯದು. ಎಂಟನೆಯ ವಾರದಲ್ಲಿ ಕೇಳಿದರೆ ತಿದ್ದಲು ಸಮಯವಿರುವುದಿಲ್ಲ.

ಗಡುವು ಮುಂದೂಡಲು ಒಪ್ಪಿಗೆ ಕೇಳಿದರೆ, ಕಾರಣವನ್ನೂ ಖಚಿತ ದಿನಾಂಕವನ್ನೂ ಬರಹದಲ್ಲಿ ಕೇಳಿ. ಇದಕ್ಕೆ ಹಣದ ಸಂಬಂಧವೂ ಇದೆ. ಸಣ್ಣ ಅರ್ಜಿ 16 ವಾರವಾದರೂ ತೀರ್ಮಾನವಾಗದಿದ್ದರೆ ಶುಲ್ಕ ಹಿಂದಿರುಗಿಸಬೇಕು ಎಂಬ ನಿಯಮವಿದೆ, ದೊಡ್ಡವಕ್ಕೆ 26 ವಾರ. ಆದರೆ ಮುಂದೂಡಿಕೆಗೆ ನೀವು ಬರಹದಲ್ಲಿ ಒಪ್ಪಿದ್ದರೆ ಆ ಹಕ್ಕು ಹೋಗುತ್ತದೆ. ಕರ್ನಾಟಕದ ಸಕಾಲ ಕಾಯ್ದೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಎಂದು ಇರುವುದು ನೆನಪಾಗಬಹುದು. ಅಲ್ಲಿ ಕೇಳಿ ಪಡೆಯುವವರು ಕಡಿಮೆ ಎಂಬುದು ನಮ್ಮ ಅನಿಸಿಕೆ. ಇಂಗ್ಲೆಂಡಿನ ಮೊತ್ತ ಅಷ್ಟು ಹಗುರವಲ್ಲ: ಮನೆ ವಿಸ್ತರಣೆಯ ಶುಲ್ಕ 2023ರ ಡಿಸೆಂಬರ್ ಮೊದಲು 206 ಪೌಂಡ್ ಇತ್ತು, ಆಮೇಲೆ 258 ಆಯಿತು, 2025ರ ಏಪ್ರಿಲ್ 1ರಂದು 528 ಪೌಂಡ್‌ಗೆ ಏರಿತು. ಹಿಂದೆ ತಿರಸ್ಕಾರವಾದರೆ ಅಥವಾ ವಾಪಸ್ ತೆಗೆದುಕೊಂಡರೆ ಒಂದು ಸಲ ಪುಕ್ಕಟೆಯಾಗಿ ಮತ್ತೆ ಹಾಕಬಹುದಿತ್ತು, 2023ರ ಡಿಸೆಂಬರ್‌ನಲ್ಲಿ ಅದನ್ನೂ ತೆಗೆದರು. ಹಾಗಾಗಿ "ವಾಪಸ್ ತೆಗೆದುಕೊಂಡು ಹೊಸದಾಗಿ ಹಾಕಿ" ಎಂಬ ಸಲಹೆಗೆ ಈಗ ಕೈಯಿಂದ ದುಡ್ಡು ಹೋಗುತ್ತದೆ.

ಕೌನ್ಸಿಲ್ ತೀರ್ಮಾನವನ್ನೇ ಮಾಡದಿದ್ದಾಗ ಮೇಲ್ಮನವಿಗೆ ಗಡುವು ಮುಗಿದ ದಿನದಿಂದ 6 ತಿಂಗಳ ಅವಕಾಶವಿದೆ. ಕೋಪದಲ್ಲಿ ಒಂಬತ್ತನೆಯ ವಾರವೇ ಹಾಕಿಬಿಡುವುದು ಜಾಣತನವಲ್ಲ ಎಂಬುದು ನಮ್ಮ ಅಭಿಪ್ರಾಯ. ಮೇಲ್ಮನವಿಯೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಾಮಾನ್ಯವಾಗಿ ಅಲ್ಲಿ ನಕ್ಷೆ ತಿದ್ದುವ ಚೌಕಾಸಿಗೆ ಜಾಗವೂ ಇರುವುದಿಲ್ಲ. ಹತ್ತು ಅರ್ಜಿಗಳಲ್ಲಿ ಎಂಟಕ್ಕೂ ಹೆಚ್ಚು ಕೊನೆಗೆ ಒಪ್ಪಿಗೆ ಪಡೆಯುವ ವ್ಯವಸ್ಥೆಯಲ್ಲಿ, ಇನ್ನು ಮೂರು ವಾರ ಕಾಯುವುದು ಎಷ್ಟೋ ಸಲ ಹತ್ತಿರದ ದಾರಿ.

ಪತ್ರ ಕೈಗೆ ಬಂದ ಮೇಲೆ ಅದರ ಕೆಳಗಿನ ಷರತ್ತುಗಳನ್ನು ಓದದೆ ಕಂಟ್ರಾಕ್ಟರ್‌ಗೆ ಮುಂಗಡ ಕೊಡಬೇಡಿ. "ಕೆಲಸ ಆರಂಭಿಸುವ ಮೊದಲು ಇಟ್ಟಿಗೆಯ ಮಾದರಿಗೆ ಒಪ್ಪಿಗೆ ಪಡೆಯಬೇಕು" ಎಂಬಂಥ ಷರತ್ತಿದ್ದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಮತ್ತೆ 8 ವಾರ. ಗೋಡೆ, ಅಡಿಪಾಯ, ಬೆಂಕಿ ಸುರಕ್ಷತೆಯನ್ನು ನೋಡುವ ಬಿಲ್ಡಿಂಗ್ ಕಂಟ್ರೋಲ್ ಒಪ್ಪಿಗೆ ಇದೆಲ್ಲದರ ಹೊರಗಿನದು, ಅದನ್ನು ಪ್ರತ್ಯೇಕವಾಗಿ ಪಡೆಯಬೇಕು. ಷರತ್ತಿನ ಅರ್ಜಿಗೆ ಕೌನ್ಸಿಲ್ ಉತ್ತರಿಸದಿದ್ದರೆ, 6 ವಾರದ ನಂತರ ನೀವೇ ಒಂದು ನೋಟಿಸ್ ಕೊಟ್ಟು, ಅದರಲ್ಲಿ ಹೇಳಿದ ದಿನದೊಳಗೆ ಉತ್ತರ ಬಾರದಿದ್ದರೆ ಷರತ್ತು ಪೂರೈಸಿತು ಎಂದು ಪರಿಗಣಿಸಲು ಕೆಲವು ಬಗೆಯ ಷರತ್ತುಗಳಲ್ಲಿ ಅವಕಾಶವಿದೆ. ನೆರೆ, ಮಣ್ಣಿನ ಮಾಲಿನ್ಯದಂಥ ವಿಷಯಗಳ ಷರತ್ತುಗಳಿಗೆ ಇದು ಅನ್ವಯಿಸುವುದಿಲ್ಲ. ನೋಟಿಸ್ ಕೊಡದೆ ಸುಮ್ಮನೆ ಕಾಯುವವರಿಗೂ ಇದರ ಪ್ರಯೋಜನ ಸಿಗದು.